ಮೂವತ್ತಾರು ಅಡಿಯ ಎರಡು ದೋಣಿಗಳು

ಕಳೆದ ವರ್ಷದ ಮೇ ತಿಂಗಳಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಅಮೆರಿಕದ ಸಿಯಾಟಲ್ ನಗರದಲ್ಲಿ ಬಹುಕಾಲದಿಂದ ನೆಲೆಸಿರುವವನು. ಕಾಫಿ ಕುಡಿದು ಲೋಟ ಕೆಳಗಿಟ್ಟವನೇ ಮೊಬೈಲ್ ಫೋನನ್ನು ನನ್ನ ಮುಂದೆ ಹಿಡಿದು, “ಸರ್, ಇದನ್ನ ತಗೋಬೇಕು ಅಂತಿದೀನಿ. ನೀವು ಸಮುದ್ರದ ಕಡೆಯವರಲ್ವಾ, ನೋಡಿ ಹೇಳಿ” ಎಂದ. ತೆರೆಯ ಮೇಲಿದ್ದದ್ದು ಒಂದು ದೋಣಿ. ಐವತ್ತು ವರ್ಷ ದಾಟಿದ, ಮೂರೋ ನಾಲ್ಕೋ ಕೈ ಬದಲಾಯಿಸಿದ, ಮರದ ದೋಣಿ. ಅದನ್ನು ಅಲ್ಲಿಯವರು ‘ಟ್ರಾಲರ್ ಯಾಟ್’ ಎಂದು ಕರೆಯುತ್ತಾರಂತೆ.

ಚಿಕ್ಕಲಸಂದ್ರದಲ್ಲಿ ಕುಳಿತು ದೋಣಿಯ ಯೋಗ್ಯತೆ ನಿರ್ಣಯಿಸುವುದು ಓದುಗರಿಗೆ ಹಾಸ್ಯಾಸ್ಪದವೆನಿಸೀತು. ಇಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಉಪ್ಪುನೀರು ಕಾಣಲು ರಸ್ತೆಯಲ್ಲಿ ಮುನ್ನೂರು ಕಿಲೋಮೀಟರಿಗೆ ಕಡಿಮೆಯಿಲ್ಲ. ಆದರೆ ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಬಳಿಯ ಗಂಗೊಳ್ಳಿಯಲ್ಲಿ. ಆ ಚಿತ್ರವನ್ನು ಕಂಡೊಡನೆ ನನ್ನ ಬಾಯಿಂದ ಹೊರಟ ಮಾತು, “ಅರೆ, ಇದು ನಮ್ಮೂರಿನ ಟ್ರಾಲ್ ಬೋಟು!” ಎಂಬುದು. ಹುಡುಗ ನಕ್ಕ. (ನಲವತ್ತೈದು ದಾಟಿದವನನ್ನು ಹುಡುಗ ಎನ್ನುವುದು ಮೇಷ್ಟರ ಚಾಳಿ.) ಆದರೆ ನಾನು ಹೇಳಿದ್ದು ತಮಾಷೆಗಲ್ಲ. ಎತ್ತರಿಸಿದ ಮೂತಿ, ಮೂತಿಯಿಂದ ಹಿಂದಕ್ಕೆ ಮೆಲ್ಲನೆ ಇಳಿದು ಮತ್ತೆ ತುಸು ಏರುವ ಅಂಚಿನ ಗೆರೆ, ನೆಟ್ಟಗೆ ನಿಂತ ಗಾಜಿನ ಕಿಟಕಿಗಳ ಕ್ಯಾಬಿನ್, ಮೋಟಾದ ಒಂದು ಕಂಬ, ಇವೆಲ್ಲ ನನ್ನ ಬಾಲ್ಯದ ಕಣ್ಣಿಗೆ ಅಂಟಿಕೊಂಡ ಆಕೃತಿಗಳೇ.

ಬಿ.ಎಡ್. ತರಬೇತಿಯಲ್ಲಿ ನಮಗೆ ಮೊದಲು ಬಾಯಿಪಾಠ ಮಾಡಿಸಿದ ಸೂತ್ರ ‘ತಿಳಿದುದರಿಂದ ತಿಳಿಯದುದರ ಕಡೆಗೆ’ ಎಂಬುದು. ಆದ್ದರಿಂದ ಗಂಗೊಳ್ಳಿಯಿಂದಲೇ ಆರಂಭಿಸುತ್ತೇನೆ.

ನನ್ನ ಬಾಲ್ಯದಲ್ಲಿ ನಮ್ಮೂರಿನ ಮೀನುಗಾರಿಕೆ ಎಂದರೆ ಹುಟ್ಟು, ಹಾಯಿ ಮತ್ತು ರಂಪಣಿ. ನೂರಾರು ಮಂದಿ ದಡದಲ್ಲಿ ಎರಡು ಸಾಲಾಗಿ ನಿಂತು ಎಳೆಯುತ್ತಿದ್ದ ಆ ಬೃಹತ್ ಬಲೆಯನ್ನು ಕಂಡವರು ಇಂದು ವಿರಳ. ಆಮೇಲೆ ಯಂತ್ರದ ದೋಣಿಗಳು ಬಂದವು. ಅವುಗಳ ವಂಶಾವಳಿ ಕುತೂಹಲಕಾರಿಯಾದುದು. 1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆಗಳ ನಡುವೆ ಆದ ಒಪ್ಪಂದದ ಫಲವಾಗಿ, ಇಂದಿನ ಕೇರಳದ ಕೊಲ್ಲಂ ಸಮೀಪದ ನೀಂಡಕರದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಆರಂಭವಾಯಿತು. 1960ರ ದಶಕದಲ್ಲಿ ಅದು ನಮ್ಮ ಕಾರವಾರಕ್ಕೂ ಬಂತು. 1957ರಲ್ಲಿ ಕೊಚ್ಚಿಯಲ್ಲಿ ಸ್ಥಾಪಿತವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಸಮುದ್ರಕ್ಕೆ ಒಗ್ಗುವ ಸಣ್ಣ ಯಾಂತ್ರೀಕೃತ ದೋಣಿಗಳ ನಕಾಶೆಗಳನ್ನು ಸಿದ್ಧಪಡಿಸಿತು. ಮೂವತ್ತೆರಡು ಅಡಿ, ಮೂವತ್ತಾರು ಅಡಿ ಎಂಬ ಅಳತೆಗಳು ಕರಾವಳಿಯಲ್ಲಿ ರೂಢಿಯಾದದ್ದು ಹೀಗೆ. ಉತ್ತರ ಸಮುದ್ರದ ಚಳಿಯಲ್ಲಿ ಹುಟ್ಟಿದ ಆಕಾರವೊಂದು ಹೆಬ್ಬಲಸಿನ ಮರದಲ್ಲಿ ಪುನರ್ಜನ್ಮ ತಾಳಿತು.

ನಮ್ಮೂರಿನ ಆಚಾರಿಗಳು ನಕಾಶೆಯನ್ನು ಗೋಡೆಗೆ ತೂಗುಹಾಕುತ್ತಿದ್ದರೇ ಹೊರತು ಅದನ್ನು ನೋಡಿ ಕಟ್ಟುತ್ತಿದ್ದಂತೆ ನನಗೆ ಕಾಣಲಿಲ್ಲ. ಅಡಿತೊಲೆಯನ್ನು ಮರಳಿನ ಮೇಲೆ ಮಲಗಿಸಿ, ಮುಂದಿನ ಕಂಬವನ್ನು ನಿಲ್ಲಿಸಿ, ಪಕ್ಕೆಲುಬುಗಳನ್ನು ಒಂದೊಂದಾಗಿ ಕೂಡಿಸಿ, ದೂರ ಸರಿದು, ಒಂದು ಕಣ್ಣು ಮುಚ್ಚಿ ನೋಡುವರು. “ಹೊಟ್ಟೆ ಬಂತು” ಎಂದರೆ ಸರಿಯಾಯಿತೆಂದು ಅರ್ಥ. ಹಲಗೆಗಳ ಸಂದುಗಳಿಗೆ ಹತ್ತಿ ತುರುಕಿ, ರಾಳ ಬಡಿದು, ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಮೀನೆಣ್ಣೆಯನ್ನೋ ಬಳಿಯುವರು. ಆ ವಾಸನೆ ಶಾಲೆಗೆ ಹೋಗುವ ನಮ್ಮ ಅಂಗಿಗಳಿಗೂ ಹತ್ತುತ್ತಿತ್ತು.

ಇನ್ನು ಈ ದೋಣಿಯ ವಿನ್ಯಾಸದ ಗುಣವೇನು ಎಂಬುದನ್ನು ನೋಡೋಣ. ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಭೌತಶಾಸ್ತ್ರ ಪಾಠ ಮಾಡಿದವನಾದ್ದರಿಂದ ಒಂದು ಲೆಕ್ಕವನ್ನು ಬಿಟ್ಟು ಮುಂದೆ ಹೋಗಲಾರೆ. ನೀರನ್ನು ಸೀಳಿ ಸಾಗುವ ದೋಣಿ ತನ್ನ ಮೂತಿಯ ಬಳಿ ಒಂದು ಅಲೆಯನ್ನು ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತ ಹೋಗುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮನಾದಾಗ, ದೋಣಿ ತಾನೇ ಎಬ್ಬಿಸಿದ ಎರಡು ಏರುಗಳ ನಡುವೆ ತೊಟ್ಟಿಲಿನಂತೆ ಕೂತುಬಿಡುತ್ತದೆ. ಅದಕ್ಕಿಂತ ವೇಗ ಬೇಕೆಂದರೆ ಮುಂದಿನ ಏರನ್ನು ಹತ್ತಬೇಕು. ಹತ್ತಲು ಅಗಾಧ ಶಕ್ತಿ ಬೇಕು. ವಿಲಿಯಂ ಫ್ರೌಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1870ರ ದಶಕದಲ್ಲಿ ಟಾರ್ಕಿ ಎಂಬಲ್ಲಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ, ಮೇಣದ ಮಾದರಿ ದೋಣಿಗಳನ್ನು ಅದರಲ್ಲಿ ಎಳೆದು ಈ ವಿದ್ಯಮಾನವನ್ನು ಅಧ್ಯಯನ ಮಾಡಿದ. ಅದರಿಂದ ಹುಟ್ಟಿದ ಸರಳ ಸೂತ್ರ ಹೀಗಿದೆ: ನೀರಿನ ಮಟ್ಟದಲ್ಲಿ ದೋಣಿಯ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ದೋಣಿಯ ಸಹಜ ವೇಗದ ಮಿತಿ ನಾಟ್‌ಗಳಲ್ಲಿ ಸಿಗುತ್ತದೆ. 36ರ ವರ್ಗಮೂಲ 6. ಆರನ್ನು 1.34ರಿಂದ ಗುಣಿಸಿದರೆ ಎಂಟು ನಾಟ್, ಎಂದರೆ ಗಂಟೆಗೆ ಸುಮಾರು 15 ಕಿಲೋಮೀಟರ್. ಸಂಜೆ ಆರು ಗಂಟೆಗೆ ಬನಶಂಕರಿಯಿಂದ ಚಿಕ್ಕಲಸಂದ್ರಕ್ಕೆ ಬರುವ ಬಸ್ಸಿಗೆ ಈ ವೇಗ ಸಿಕ್ಕರೆ ನಾವು ಧನ್ಯರು.

ಟ್ರಾಲ್ ದೋಣಿಯನ್ನು ರೂಪಿಸಿದವರು ಈ ಮಿತಿಯನ್ನು ಒಪ್ಪಿಕೊಂಡರು. ನನ್ನ ಅಭಿಪ್ರಾಯದಲ್ಲಿ ಅದರ ಚೆಲುವೆಲ್ಲ ಈ ಒಪ್ಪಿಗೆಯಿಂದ ಬಂದದ್ದು. ವೇಗದ ಆಸೆ ಬಿಟ್ಟ ಮೇಲೆ ಹೊಟ್ಟೆಯನ್ನು ದುಂಡಗೆ, ಆಳವಾಗಿ ಮಾಡಬಹುದು. ಹೊಟ್ಟೆ ಆಳವಾದರೆ ಮಂಜುಗಡ್ಡೆ, ಮೀನು, ಎಣ್ಣೆ, ನೀರು ಎಲ್ಲವೂ ಕೆಳಗೆ ಹಿಡಿಯುತ್ತವೆ. ಭಾರ ಕೆಳಗಿದ್ದರೆ ದೋಣಿ ವಾಲಿದರೂ ಮೇಲೇಳುತ್ತದೆ. ಬಲೆ ಎಳೆಯಲು ವೇಗ ಬೇಡ, ಬಲ ಬೇಕು. ಆದ್ದರಿಂದ ಎಂಜಿನ್ನಿನ ಸುತ್ತನ್ನು ಹಲ್ಲಿನ ಚಕ್ರಗಳಿಂದ ತಗ್ಗಿಸಿ, ನಿಧಾನವಾಗಿ ತಿರುಗುವ ದೊಡ್ಡ ಫ್ಯಾನನ್ನು (ನಮ್ಮೂರಿನಲ್ಲಿ ಪ್ರೊಪೆಲ್ಲರಿಗೆ ಹೀಗೇ ಹೆಸರು) ಕೂಡಿಸಬಹುದು. ಅಡಿತೊಲೆ ಹಿಂಬದಿಯವರೆಗೂ ಆಳವಾಗಿ ಇಳಿದಿರುವುದರಿಂದ ಅಳಿವೆಯ ಮರಳದಿಣ್ಣೆಗೆ ದೋಣಿ ತಾಗಿದರೆ ಪೆಟ್ಟು ಬೀಳುವುದು ತೊಲೆಗೆ, ಫ್ಯಾನಿಗಾಗಲಿ ಚುಕ್ಕಾಣಿಗಾಗಲಿ ಅಲ್ಲ. ಗಂಗೊಳ್ಳಿಯ ಅಳಿವೆಯನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು. ಮೂತಿ ಎತ್ತರವಾಗಿ ಹೊರಕ್ಕೆ ಚಾಚಿಕೊಂಡಿರುವುದು ಅಲಂಕಾರಕ್ಕಲ್ಲ; ಅಲೆಯನ್ನು ಪಕ್ಕಕ್ಕೆ ಎಸೆಯಲು. ಕ್ಯಾಬಿನ್ ಮುಂದಿರುವುದು ಹಿಂದೆ ಬಲೆ ಎಳೆಯಲು ಜಾಗ ಬೇಕೆಂದು. ಡೆಕ್ಕಿನ ನಡು ಉಬ್ಬಿರುವುದು ನೀರು ಎರಡೂ ಬದಿಗೆ ಹರಿದು ಹೋಗಲೆಂದು. ಇಡೀ ದೋಣಿಯಲ್ಲಿ ಚಂದಕ್ಕಾಗಿ ಮಾಡಿದ್ದು ಒಂದೇ: ಮೂತಿಯ ಮೇಲೆ ಬರೆದ ಹೆಸರು ಮತ್ತು ಅದರ ಸುತ್ತಲಿನ ಹೂಬಳ್ಳಿ.

ಈಗ ಹುಡುಗನ ದೋಣಿಗೆ ಬರೋಣ. ಅದು ‘ಗ್ರ್ಯಾಂಡ್ ಬ್ಯಾಂಕ್ಸ್ 36’ ಎಂಬ ಮಾದರಿ. ಉತ್ತರ ಅಟ್ಲಾಂಟಿಕ್ಕಿನ ನ್ಯೂಫೌಂಡ್‌ಲ್ಯಾಂಡ್ ಬಳಿಯ ಪ್ರಸಿದ್ಧ ಮೀನುಗಾರಿಕಾ ಪ್ರದೇಶದ ಹೆಸರನ್ನು ಅದಕ್ಕಿಟ್ಟಿದ್ದಾರೆ. ಆದರೆ ಹುಟ್ಟಿದ್ದು ಏಷ್ಯಾದಲ್ಲಿ. ಹಾಂಗ್‌ಕಾಂಗಿನ ‘ಅಮೆರಿಕನ್ ಮರೀನ್’ ಎಂಬ ದೋಣಿ ಕಟ್ಟುವ ಸಂಸ್ಥೆ, ಕೆನೆತ್ ಸ್ಮಿತ್ ಎಂಬ ವಿನ್ಯಾಸಕಾರನ ನಕಾಶೆಯಂತೆ 1963ರಲ್ಲಿ ‘ಸ್ಪ್ರೇ’ ಎಂಬ 36 ಅಡಿಯ ದೋಣಿಯನ್ನು ನೀರಿಗಿಳಿಸಿತು. ಅದರಿಂದಲೇ ಈ ಮಾದರಿ ಬೆಳೆಯಿತು. ನಮ್ಮ ಕರಾವಳಿಗೆ ಟ್ರಾಲ್ ಬೋಟುಗಳು ಬರುತ್ತಿದ್ದ ದಶಕವೇ ಅದೂ! ಒಂದೆಡೆ ಮೀನುಗಾರರು ಹೊಟ್ಟೆಪಾಡಿಗಾಗಿ ಆ ಆಕಾರವನ್ನು ಅಪ್ಪಿಕೊಂಡರು. ಇನ್ನೊಂದೆಡೆ ಅನುಕೂಲಸ್ಥ ಅಮೆರಿಕನ್ನರು ಅದೇ ಆಕಾರವನ್ನು ರಜಾದಿನಗಳಿಗಾಗಿ ಕೊಂಡರು. ಮೀನಿನ ಗೂಡಿದ್ದ ಕಡೆ ಮಲಗುವ ಕೋಣೆ, ಬಲೆ ರಾಶಿ ಹಾಕುವ ಕಡೆ ಬೆತ್ತದ ಕುರ್ಚಿ.

ಆ ಬಗೆಯ ಅಭಿರುಚಿ ಸ್ಮಿತ್‌ನೊಬ್ಬನದೇ ಅಲ್ಲ. ಆರ್ಥರ್ ಡಿಫೀವರ್ ಎಂಬ ವಿನ್ಯಾಸಕಾರ ಕ್ಯಾಲಿಫೋರ್ನಿಯಾದ ಮೀನುಗಾರಿಕಾ ದೋಣಿಗಳನ್ನು ಮಾಡಿದ ಅನುಭವದಿಂದಲೇ ವಿಹಾರದ ದೋಣಿಗಳಿಗೆ ಬಂದವನು. ನೌಕಾಪಡೆಯ ನಿವೃತ್ತ ಅಧಿಕಾರಿ ರಾಬರ್ಟ್ ಬೀಬಿ ಅದೇ 1963ರಲ್ಲಿ ಸಿಂಗಾಪುರದಲ್ಲಿ ‘ಪ್ಯಾಸೇಜ್‌ಮೇಕರ್’ ಎಂಬ ದೋಣಿ ಕಟ್ಟಿಸಿ ಸಾಗರಗಳನ್ನು ದಾಟಿದ. ಇಷ್ಟು ಸಾಕು, ಚರಿತ್ರೆ ಬರೆಯುವುದು ನನ್ನ ಉದ್ದೇಶವಲ್ಲ.

ಗ್ರ್ಯಾಂಡ್ ಬ್ಯಾಂಕ್ಸಿನಲ್ಲಿ ನಾನು ಮೆಚ್ಚಿದ್ದೇನು? ಮೊದಲನೆಯದಾಗಿ, ಅದರ ನಿಧಾನ. 120 ಅಶ್ವಶಕ್ತಿಯ ಒಂದೇ ಡೀಸೆಲ್ ಎಂಜಿನ್. ಫೋರ್ಡ್ ಕಂಪನಿಯ ಸಾಮಾನ್ಯ ಡೀಸೆಲ್ ಎಂಜಿನ್ನನ್ನು ಲೇಮನ್ ಎಂಬ ಸಂಸ್ಥೆ ಸಮುದ್ರಕ್ಕೆ ಹೊಂದುವಂತೆ ಬದಲಿಸಿ ಕೊಟ್ಟದ್ದು. ಏಳೆಂಟು ನಾಟ್ ವೇಗದಲ್ಲಿ ಇಡೀ ದಿನ ಗೊಣಗದೆ ಓಡುತ್ತದೆ. ಎರಡು ಎಂಜಿನ್ ಹಾಕಿಸಿಕೊಂಡವರು ಇನ್ನೂ ಕೊಂಚ ವೇಗ ಪಡೆದರು, ಆ ಕೊಂಚಕ್ಕೆ ವಿಪರೀತ ಎಣ್ಣೆ ಸುಟ್ಟರು. ಎರಡನೆಯದಾಗಿ, ಎಂಜಿನ್ನಿನ ಸುತ್ತ ಮನುಷ್ಯ ಇಳಿದು ಕೂತು ಕೆಲಸ ಮಾಡಬಹುದಾದಷ್ಟು ಜಾಗವಿದೆ. ದುರಸ್ತಿ ಮಾಡುವವನನ್ನು ನೆನೆದು ಕಟ್ಟಿದ ಯಂತ್ರವನ್ನು ನಾನು ಯಾವತ್ತೂ ಗೌರವಿಸುತ್ತೇನೆ. ನಮ್ಮ ಅಡುಗೆಮನೆಯ ಹೊಸ ಮಿಕ್ಸಿಯನ್ನು ಬಿಚ್ಚಲು ಹೋಗಿ ಸೋತವನು ನಾನು. ಮೂರನೆಯ ಗುಣ, ಇದರಲ್ಲಿಯೂ ಅಡಿತೊಲೆ ಫ್ಯಾನನ್ನು ಕಾಯುತ್ತದೆ.

ಮೆಚ್ಚದಿದ್ದದ್ದೂ ಇದೆ. ಕ್ಯಾಬಿನ್ನಿನ ಮೇಲೆ ಇನ್ನೊಂದು ಚಕ್ರ, ಇನ್ನೊಂದು ಪೀಠ ಇಟ್ಟು ಮಹಡಿಯಂತೆ ಮಾಡಿದ್ದಾರೆ. ಬಿಸಿಲಿನ ದಿನ ಮೇಲೆ ಕೂತು ದೋಣಿ ನಡೆಸಲು ಸುಖವಿರಬಹುದು. ಆದರೆ ಭಾರ ಮೇಲಕ್ಕೆ ಏರಿತು. ಕಂಬಕ್ಕೆ ಒಂದು ಸಣ್ಣ ಹಾಯಿ ಕಟ್ಟುವುದುಂಟು. ಅದು ಓಟಕ್ಕಲ್ಲ, ತೂಗಾಟ ತಗ್ಗಿಸಲು. ಟ್ರಾಲ್ ಬೋಟಿಗೆ ಅದರ ಅಗತ್ಯ ಅಷ್ಟಾಗಿ ಬರುವುದಿಲ್ಲ, ಏಕೆಂದರೆ ನೀರಿನಲ್ಲಿ ಎಳೆಯುವ ಬಲೆಯೇ ಅದನ್ನು ಹಿಡಿದು ನಿಲ್ಲಿಸುತ್ತದೆ. ಕೆಲಸ ಬಿಟ್ಟ ಮೇಲೆ ತೂಗಾಟ ಶುರುವಾಗುವುದು ನಿವೃತ್ತ ಮೇಷ್ಟರಿಗೂ ಅನ್ವಯಿಸುತ್ತದೆಂದು ನನ್ನ ಪತ್ನಿಯ ಅಂಬೋಣ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. 1973ರ ಸುಮಾರಿಗೆ ಆ ಸಂಸ್ಥೆ ಮರವನ್ನು ಕೈಬಿಟ್ಟು ಫೈಬರ್‌ಗ್ಲಾಸಿಗೆ ಹೋಯಿತು. ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಬರುವ ನುಣುಪಾದ ಮೈ ಅದು. ಆದರೆ ಕೊಳ್ಳುವವರ ಕಣ್ಣಿಗೆ ಹಲಗೆಗಳು ಬೇಕಾಗಿದ್ದವು. ಆದ್ದರಿಂದ ಅಚ್ಚಿನಲ್ಲಿಯೇ ಹಲಗೆಯ ಸಂದಿನಂತಹ ಗೆರೆಗಳನ್ನು ಕೊರೆದರು! ಹತ್ತಿಯಿಲ್ಲ, ರಾಳವಿಲ್ಲ, ಸಂದೇ ಇಲ್ಲ. ಸಂದಿನ ಗೆರೆ ಮಾತ್ರ. ಸಿಮೆಂಟಿನ ಕಂಬಕ್ಕೆ ಮರದ ಬಣ್ಣ ಬಳಿದು ತೊಟ್ಟಿಮನೆ ಎಂದು ಹೆಸರಿಡುವ ನಮ್ಮ ಬಡಾವಣೆಯ ಹೋಟೆಲುಗಳ ನೆನಪಾಯಿತು. ಹುಡುಗ ನೋಡಿಟ್ಟದ್ದು ಅದಕ್ಕಿಂತ ಹಿಂದಿನ, ನಿಜವಾದ ಮಹಾಗನಿ ಹಲಗೆಗಳ ದೋಣಿ ಎಂಬುದು ನನಗೆ ಸಮಾಧಾನವನ್ನೂ ಆತಂಕವನ್ನೂ ಏಕಕಾಲಕ್ಕೆ ಉಂಟುಮಾಡಿತು.

ಆತಂಕವೇಕೆಂದರೆ, ಮರದ ದೋಣಿಗೆ ಕೆಳಗಿನಿಂದ ಹಡಗುಹುಳು, ಮೇಲಿನಿಂದ ಮಳೆನೀರು. ಹಡಗುಹುಳು ಉಪ್ಪುನೀರಿನ ಜೀವಿ. ನಮ್ಮ ಕಡೆ ಮಳೆಗಾಲದಲ್ಲಿ ಹೊಳೆಬಾಯಿ ಸಿಹಿಯಾಗುವುದರಿಂದಲೂ, ದೋಣಿಯನ್ನು ದಡಕ್ಕೆ ಎಳೆಯುವುದರಿಂದಲೂ ಅದರ ಕಾಟ ತಗ್ಗುತ್ತದೆ. ಮಳೆನೀರು ಹಾಗಲ್ಲ. ಉಪ್ಪು ಮರವನ್ನು ಒಂದು ಬಗೆಯಲ್ಲಿ ಕಾಯುತ್ತದೆ; ಸಿಹಿನೀರು ಡೆಕ್ಕಿನ ಅಂಚಿನಲ್ಲಿ, ಕಿಟಕಿಯ ಮೂಲೆಯಲ್ಲಿ ಇಳಿದು ಸದ್ದಿಲ್ಲದೆ ಕೊಳೆಯಿಸುತ್ತದೆ. ಸಿಯಾಟಲ್ ಮಳೆಯ ಊರು. “ಮೇಲಿನ ವಾರ್ನಿಶ್ ನೋಡಿ ಮರುಳಾಗಬೇಡಪ್ಪ. ನೆಲದ ಹಲಗೆ ಎತ್ತಿಸಿ ಟಾರ್ಚ್ ಬಿಟ್ಟು ನೋಡು, ಮೂಲೆಮೂಲೆಗೆ ದಬ್ಬಳ ಚುಚ್ಚಿ ನೋಡು. ಮೆತ್ತಗೆ ಒಳಕ್ಕೆ ಹೋದರೆ ಬಿಟ್ಟುಬಿಡು” ಎಂದೆ. ತನಿಖೆ ಮಾಡುವ ವೃತ್ತಿಪರರೇ ಅಲ್ಲಿ ಇರುತ್ತಾರೆಂದು ಅವನು ಹೇಳಿದ. ಒಳ್ಳೆಯದೇ ಆಯಿತು.

ಇಲ್ಲಿಗೆ ಈ ಲೇಖನ ಮುಗಿಯಬೇಕಾಗಿತ್ತು. ಆದರೆ ಮರುತಿಂಗಳು ನಾನು ಊರಿಗೆ ಹೋದಾಗ ಇನ್ನೊಂದು ಮೂವತ್ತಾರು ಅಡಿಯ ದೋಣಿಯ ಪ್ರಶ್ನೆ ಎದುರಾಯಿತು.

ನನ್ನ ಸಹಪಾಠಿಯೊಬ್ಬ ಬಹುಕಾಲ ತಾಂಡೇಲನಾಗಿದ್ದು, ತನ್ನದೇ ಒಂದು ಟ್ರಾಲ್ ಬೋಟನ್ನು ಇಟ್ಟುಕೊಂಡಿದ್ದ. 1984ರಲ್ಲಿ ನಮ್ಮೂರಿನ ಹೊಳೆಯಂಚಿನಲ್ಲೇ ಕಟ್ಟಿದ ಮರದ ದೋಣಿ. ಬೆಳಿಗ್ಗೆ ಹೋಗಿ ಸಂಜೆ ಮರಳುವ ಗಾತ್ರದ್ದು. ಈಗ ಹಾಗೆ ಹೋಗಿ ಬಂದರೆ ಎಣ್ಣೆಯ ದುಡ್ಡೂ ಹುಟ್ಟುವುದಿಲ್ಲ. ಮಲ್ಪೆ, ಮಂಗಳೂರಿನ ದೊಡ್ಡ ಉಕ್ಕಿನ ಬೋಟುಗಳು ವಾರಗಟ್ಟಲೆ ಆಳಸಮುದ್ರದಲ್ಲಿರುತ್ತವೆ. ಇವನ ದೋಣಿ ಕೆಲವು ವರ್ಷಗಳಿಂದ ದಡದಲ್ಲಿ ತೆಂಗಿನ ಮಡಲಿನ ಚಪ್ಪರದ ಕೆಳಗೆ ಕೂತಿತ್ತು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದ ಕಾಲವಾದ್ದರಿಂದ ಬಂದರಿನಲ್ಲಿ ಎಲ್ಲ ದೋಣಿಗಳೂ ಕೂತಿದ್ದವು. ಆಗಸ್ಟಿನಲ್ಲಿ ಅವು ಹೊರಡುತ್ತವೆ, ಇದು ಹೊರಡುವುದಿಲ್ಲ. ಅಷ್ಟೇ ವ್ಯತ್ಯಾಸ.

“ಎಂತ ಮಾಷ್ಟ್ರೆ, ಬೋಟ್ ತಕಂಬುಕೆ ಬಂದ್ರ್ಯಾ?” ಎಂದು ನಕ್ಕ. ಒಂದೇ ಬೆಂಚಿನಲ್ಲಿ ಕೂತವನಾದರೂ ನಾನು ಶಿಕ್ಷಕನಾದ ಮೇಲೆ ಅವನು ಕರೆಯುವುದು ಹೀಗೆಯೇ. ಅದಕ್ಕೆ ಇಬ್ಬರು ಗಿರಾಕಿಗಳಿದ್ದರು. ಒಬ್ಬ, ಒಡೆದು ಸೌದೆಗೆ, ಮೊಳೆಗೆ, ಎಂಜಿನ್ನಿನ ಕಬ್ಬಿಣಕ್ಕೆ ಕೊಳ್ಳುವವನು. ಇನ್ನೊಬ್ಬ, ಪಂಚಗಂಗಾವಳಿಯಲ್ಲಿ ಪ್ರವಾಸಿಗರನ್ನು ಸುತ್ತಿಸಲು ದೋಣಿ ಹುಡುಕುತ್ತಿದ್ದ ರೆಸಾರ್ಟಿನವನು. ಕ್ಯಾಬಿನ್ ಒಡೆದು, ಎರಡು ಹವಾನಿಯಂತ್ರಿತ ಕೋಣೆ, ಮೇಲೊಂದು ತಾರಸಿ, ಸುತ್ತ ಬಣ್ಣದ ದೀಪ. ಇದು ಅವನ ಯೋಜನೆ. ಎರಡನೆಯವನು ಕೊಡುವ ಬೆಲೆ ಹೆಚ್ಚು. ಮೇಲಾಗಿ ದೋಣಿ ಉಳಿಯುತ್ತದೆ. ಮನೆಯವರೆಲ್ಲ ಆ ಕಡೆಗಿದ್ದರು.

ನಾನೊಬ್ಬ ವಿರೋಧಿಸಿದೆ. ಅಮೆರಿಕದ ಟ್ರಾಲರ್ ಯಾಟನ್ನು ಹೊಗಳಿ ಬಂದವನು ಊರಿನ ದೋಣಿ ವಿಹಾರದ ನೌಕೆಯಾಗುವುದನ್ನು ಏಕೆ ವಿರೋಧಿಸಬೇಕೆಂದು ಓದುಗರು ಕೇಳಬಹುದು. ಕಾರಣ ಅಭಿಮಾನವಲ್ಲ, ಭೌತಶಾಸ್ತ್ರ. ಗ್ರ್ಯಾಂಡ್ ಬ್ಯಾಂಕ್ಸ್ ಮೀನುದೋಣಿಯಂತೆ ಕಂಡರೂ ಮೊದಲ ಗೆರೆಯಿಂದಲೇ ಮನೆಯಾಗಲು ಹುಟ್ಟಿದ್ದು. ಅದರ ಭಾರಗಳ ಲೆಕ್ಕ ಹಾಗೆಯೇ ಹಾಕಿದ್ದು. ಗೆಳೆಯನ ದೋಣಿಯ ಲೆಕ್ಕವೇ ಬೇರೆ. ಅದು ನೆಟ್ಟಗೆ ನಿಲ್ಲುವುದು ಹೊಟ್ಟೆಯಲ್ಲಿನ ಮಂಜುಗಡ್ಡೆ ಮತ್ತು ಮೀನಿನ ಭಾರವಿದ್ದಾಗ. ಅದನ್ನು ತೆಗೆದರೆ ದೋಣಿ ಬೆಂಡಿನಂತೆ ಮೇಲೇಳುತ್ತದೆ. ಮೇಲೇಳಿದ ದೋಣಿಯ ನೆತ್ತಿಗೆ ತಾರಸಿ ಕಟ್ಟಿ, ಆ ತಾರಸಿಯ ಮೇಲೆ ಮೂವತ್ತು ಜನರನ್ನು ನಿಲ್ಲಿಸಿ, ಅವರೆಲ್ಲ ಸೂರ್ಯಾಸ್ತದ ಫೋಟೋ ತೆಗೆಯಲು ಒಂದೇ ಬದಿಗೆ ಓಡಿದರೆ ಏನಾದೀತು? ತಳದಲ್ಲಿ ಕಲ್ಲೋ ಸಿಮೆಂಟೋ ತುಂಬಬಹುದು, ನಿಜ. ಆಗ ನಲವತ್ತು ವರ್ಷದ ಹಲಗೆಗಳ ಮೇಲೆ ಹೊಸ ಒತ್ತಡ. ಪ್ರಯಾಣಿಕರನ್ನು ಒಯ್ಯುವ ದೋಣಿಗೆ ಬೇರೆಯೇ ನೋಂದಣಿ, ಬೇರೆಯೇ ತಪಾಸಣೆ ಬೇಕು; 2021ರಲ್ಲಿ ಒಳನಾಡಿನ ನೌಕೆಗಳಿಗೆ ಹೊಸ ಕಾಯಿದೆಯೇ ಬಂದಿದೆ. ಅದರ ಮಾತೆತ್ತಿದರೆ ರೆಸಾರ್ಟಿನವನು, “ಅದೆಲ್ಲ ನಾವು ನೋಡಿಕೊಳ್ಳುತ್ತೇವೆ ಸಾರ್” ಎಂದ. ಆ ವಾಕ್ಯವನ್ನು ಕೇಳಿದರೆ ನನಗೆ ಮೊದಲಿನಿಂದಲೂ ಭಯ.

ಅಂದು ಸಂಜೆ ನಾವಿಬ್ಬರೂ ಚಪ್ಪರದ ಕೆಳಗೆ ಕೂತೆವು. ಹೊರಗೆ ಮಳೆ. ನಾನು ದೋಣಿಯ ಅಂಚಿನ ಗೆರೆಯ ಸೊಬಗನ್ನು ಬಣ್ಣಿಸುತ್ತಿದ್ದೆ. ಅವನು ಕೇಳುವಷ್ಟು ಕೇಳಿ, “ಚಂದ ಅಂಬುದ್ ನಿಮ್ಗೆ ಮಾಷ್ಟ್ರೆ. ನಂಗೆ ವರ್ಷಕ್ಕೆ ಎರಡ್ ಸಲ ಹಲಗಿ, ಬಣ್ಣ, ಸಾಲ” ಎಂದ. ನಾನು ಸುಮ್ಮನಾದೆ. ಅವನ ಕೈಬೆರಳೊಂದು ಹಗ್ಗಕ್ಕೆ ಸಿಲುಕಿ ಅರ್ಧವಾದದ್ದು ಇದೇ ದೋಣಿಯ ಮೇಲೆ.

ಸೊಬಗಿನ ಮಾತನಾಡುವ ನಮ್ಮಂತಹವರು ಕೆಲವು ಸತ್ಯಗಳನ್ನು ಮರೆಯುತ್ತೇವೆ. ಈ ದೋಣಿಗಳು ಎಳೆದ ಬಲೆ ಸಮುದ್ರದ ತಳವನ್ನೇ ಗುಡಿಸಿತು. ಮರಿಮೀನುಗಳು ರಾಶಿರಾಶಿಯಾಗಿ ಬಂದು ಗೊಬ್ಬರಕ್ಕೂ ಮೀನುಹಿಟ್ಟಿನ ಕಾರ್ಖಾನೆಗೂ ಹೋದವು. ದಡದ ಸಮೀಪ ಮೀನಿಲ್ಲವಾಗಿ ಈ ಸಣ್ಣ ದೋಣಿಗಳು ನಿರುಪಯುಕ್ತವಾದುದರಲ್ಲಿ ಅವುಗಳ ಪಾಲೂ ಇದೆ. ದೊಡ್ಡ ದೋಣಿಯವರ ಬದುಕು ಸುಖವೆಂದೂ ಅಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಏಳು ಮಂದಿ ಮೀನುಗಾರರೊಡನೆ ಕಣ್ಮರೆಯಾಯಿತು. 2019ರ ಮೇ ತಿಂಗಳಿನಲ್ಲಿ ನೌಕಾಪಡೆಯವರು ಮಹಾರಾಷ್ಟ್ರದ ಮಾಲ್ವಣದ ಸಮೀಪ ಸಮುದ್ರತಳದಲ್ಲಿ ಅದರ ಅವಶೇಷವನ್ನು ಗುರುತಿಸಿದರು. ದಡದಲ್ಲಿ ಕಟ್ಟಿದ ದೋಣಿಗೂ ಕ್ಷೇಮವಿಲ್ಲ. 2023ರ ನವೆಂಬರಿನಲ್ಲಿ, ದೀಪಾವಳಿಯ ಸಮಯ, ಗಂಗೊಳ್ಳಿಯಲ್ಲೇ ಬೆಂಕಿ ಬಿದ್ದು ಹಲವು ದೋಣಿಗಳು ಸುಟ್ಟುಹೋದವು. ಮರದ ದೋಣಿಯನ್ನು ಪ್ರೀತಿಸಬಹುದು; ಅದನ್ನು ಇಟ್ಟುಕೊಳ್ಳಲು ಹೇಳುವ ಹಕ್ಕು ಅದರ ಖರ್ಚು ಹೊರದವನಿಗಿಲ್ಲ.

ಆದರೂ ನನ್ನ ಒಂದು ಆಕ್ಷೇಪ ಉಳಿದೇ ಇದೆ. ಅದು ಗೆಳೆಯನ ಮೇಲಲ್ಲ. ಕಾರವಾರದ ರವೀಂದ್ರನಾಥ ಠಾಗೋರ್ ಕಡಲತೀರದಲ್ಲಿ ‘ಚಾಪೆಲ್’ ಎಂಬ ನಿವೃತ್ತ ಯುದ್ಧನೌಕೆಯನ್ನು ವಸ್ತುಸಂಗ್ರಹಾಲಯವಾಗಿ ನಿಲ್ಲಿಸಿದ್ದಾರೆ. ಶಾಲಾ ಪ್ರವಾಸದಲ್ಲಿ ಮಕ್ಕಳನ್ನು ಅಲ್ಲಿಗೆ ಒಯ್ದಿದ್ದೇನೆ, ಮಕ್ಕಳು ಕುಣಿದಾಡಿದರು. ಸಂತೋಷ. ಆದರೆ ಕರಾವಳಿಯ ಸಾವಿರಾರು ಮನೆಗಳ ಅನ್ನಕ್ಕೂ ಸಾಲಕ್ಕೂ ಕಾರಣವಾದ ಮರದ ಟ್ರಾಲ್ ಬೋಟೊಂದನ್ನು ಹೀಗೆ ಗೌರವದಿಂದ ಕೂಡಿಸಿಟ್ಟದ್ದನ್ನು ನಾನು ಓಡಾಡಿದ ಯಾವ ಬಂದರಿನಲ್ಲೂ ಕಂಡಿಲ್ಲ. ಮಲ್ಪೆಯಲ್ಲೋ ಕುಂದಾಪುರದಲ್ಲೋ ಒಂದನ್ನು, ಒಂದೇ ಒಂದನ್ನು, ಮಾಡಿನ ಕೆಳಗೆ ಇರಿಸಬಾರದೇ? ತಾರಸಿ ಬೇಡ, ಬಣ್ಣದ ದೀಪ ಬೇಡ. ಎಂಜಿನ್, ಬಲೆ, ಬಲೆಯ ಬಾಯಿ ಅಗಲಿಸುವ ಹಲಗೆಗಳು, ಕಲಾಸಿಗಳು ಮಲಗುತ್ತಿದ್ದ ಮೂರಡಿ ಜಾಗ, ಇವಿಷ್ಟಿದ್ದರೆ ಸಾಕು. ಅಮೆರಿಕದಲ್ಲಿ ಆ ಆಕಾರವನ್ನು ಅನುಕರಿಸಿದ ವಿಹಾರದ ದೋಣಿಗೂ ಅಭಿಮಾನಿಗಳ ಕೂಟಗಳಿವೆ, ಐವತ್ತು ವರ್ಷದ ಬಳಿಕವೂ ಕೊಳ್ಳುವವರಿದ್ದಾರೆ. ಮೂಲದ ದುಡಿಮೆಯ ದೋಣಿಗೆ ಇಲ್ಲಿ ಸೌದೆಯ ಬೆಲೆ.

ಇದನ್ನೆಲ್ಲ ಬರೆದು ಸಂಬಂಧಪಟ್ಟವರಿಗೆ ಒಂದು ಪತ್ರ ಕಳುಹಿಸಿದೆ. ಉತ್ತರ ಬರಲಿಲ್ಲ. ಅದಕ್ಕೆ ಕಾಯುತ್ತ ಕೂರುವುದಕ್ಕಿಂತ ಬೇರೊಂದು ಕೆಲಸ ಮಾಡೋಣವೆಂದು ಗೆಳೆಯನ ಮಗನನ್ನು ಜೊತೆ ಮಾಡಿಕೊಂಡು ದೋಣಿಯನ್ನು ಅಳೆಯತೊಡಗಿದೆ. ಮೂತಿಯಿಂದ ಹಿಂಬದಿಯವರೆಗೆ ನಡುಮಧ್ಯಕ್ಕೆ ಒಂದು ದಾರ ಬಿಗಿದು, ಎರಡೆರಡು ಅಡಿಗೆ ಒಂದರಂತೆ ಗುರುತು ಹಾಕಿ, ಪ್ರತಿ ಗುರುತಿನಲ್ಲೂ ತೂಗುಗುಂಡು ಇಳಿಬಿಟ್ಟು, ಅರ್ಧರ್ಧ ಅಡಿ ಎತ್ತರಕ್ಕೆ ಹೊಟ್ಟೆ ಎಷ್ಟು ಹೊರಚಾಚಿದೆಯೆಂದು ಟೇಪು ಹಿಡಿದು ಬರೆದುಕೊಂಡೆವು. ಐದು ದಿನ ಹಿಡಿಯಿತು. ಮಡಲಿನ ಸಂದಿನಿಂದ ಸೋರುವ ಮಳೆಗೆ ನೋಟ್‌ಬುಕ್ಕಿನ ಮೂರು ಹಾಳೆ ಹಾಳಾದವು; ಮತ್ತೆ ಅಳೆದೆವು. ಇಂಟರ್‌ಮೀಡಿಯೆಟ್ ಬರೆಯುವ ಮಕ್ಕಳಂತೆ ಇಬ್ಬರೂ ಕೆಸರಿನಲ್ಲಿ ಮೊಣಕಾಲೂರಿ ಕೂತಿದ್ದನ್ನು ನೋಡಲು ಊರವರು ನಿಲ್ಲುತ್ತಿದ್ದರು. ಬೆಂಗಳೂರಿಗೆ ಬಂದು ಅವನ್ನೆಲ್ಲ ಗ್ರಾಫ್ ಹಾಳೆಗಳ ಮೇಲೆ ಗೆರೆಯಾಗಿಸಿದೆ. ಗೆರೆಗಳು ಕೂಡಿ ಹೊಟ್ಟೆ ಮೂಡಿದಾಗ, ಒಂದು ಕಣ್ಣು ಮುಚ್ಚಿ ದೂರದಿಂದ ನೋಡಿದೆ. ಹೊಟ್ಟೆ ಬಂದಿತ್ತು.

ರೆಸಾರ್ಟಿನವನು ಕಡೆಗೆ ಹೊಸ ಫೈಬರ್ ದೋಣಿಯನ್ನೇ ಕೊಂಡ. ನನ್ನ ಭೌತಶಾಸ್ತ್ರಕ್ಕೆ ಹೆದರಿ ಅಲ್ಲ, ಅದು ಬೇಗ ಸಿಗುತ್ತದೆಂದು. ಸಿಯಾಟಲಿನ ಹುಡುಗನೂ ಆ ಮಹಾಗನಿ ದೋಣಿಯನ್ನು ಕೊಳ್ಳಲಿಲ್ಲ. ತನಿಖೆಯವನು ಸುತ್ತಿಗೆಯಿಂದ ತಟ್ಟಿದಾಗ ಡೆಕ್ಕಿನ ಕೆಳಗಿನ ತೊಲೆಗಳಲ್ಲಿ ಬೊದ್ದು ಸದ್ದು ಬಂತಂತೆ. ಇನ್ನೊಂದನ್ನು ಹುಡುಕುತ್ತಿದ್ದಾನೆ, ಚಿತ್ರಗಳನ್ನು ಕಳಿಸುತ್ತಿರುತ್ತಾನೆ.

ಗೆಳೆಯನ ದೋಣಿಯನ್ನು ಡಿಸೆಂಬರಿನಲ್ಲಿ ಒಡೆದರು. ಸಂಕ್ರಾಂತಿಯ ಹೊತ್ತಿಗೆ ನಾನು ಗ್ರಾಫ್ ಹಾಳೆಗಳನ್ನು ಸುರುಳಿ ಸುತ್ತಿಕೊಂಡು ಊರಿಗೆ ಹೋಗಿ ಅವನ ಮುಂದೆ ಹರಡಿದೆ. ಬಹಳ ಹೊತ್ತು ನೋಡಿದ. ಮೂತಿಯ ಕಡೆ ಬೆರಳಾಡಿಸಿ ತಲೆದೂಗಿದ. ಆಮೇಲೆ ಕೇಳಿದ, “ಎರಡೂ ಬದಿ ಅಳ್ದಿದ್ರ್ಯಾ?” ಇಲ್ಲ, ಎಡಬದಿಗೆ ಇನ್ನೊಂದು ದೋಣಿ ಒತ್ತಿಕೊಂಡಿದ್ದರಿಂದ ಬಲಬದಿಯನ್ನು ಮಾತ್ರ ಅಳೆದೆವು, ಎರಡೂ ಒಂದೇ ತಾನೇ ಎಂದೆ. ಅವನು ನಕ್ಕು, ಎಡಬದಿಯ ಹೊಟ್ಟೆ ಒಂದು ಕೈ ಹೆಚ್ಚಿತ್ತೆಂದೂ, ನಲವತ್ತು ವರ್ಷವೂ ದೋಣಿ ಬಲಕ್ಕೇ ಎಳೆಯುತ್ತಿತ್ತೆಂದೂ, ಚುಕ್ಕಾಣಿಯನ್ನು ಸದಾ ತುಸು ಎಡಕ್ಕೆ ಹಿಡಿದೇ ತಾನು ಮನೆಗೆ ಮರಳುತ್ತಿದ್ದೆನೆಂದೂ ಹೇಳಿದ.